ಕಕ್ಕೆ ಗುಡಿಸು ಕೊಟ್ಟರೆ ಕಿ

ಬೇರೆಯವರ ಮದುವೆ ಮಾಡಿಸುವುದು ಪಾದ್ರಿಗಳಿಗೆ ನೀರು ಕುಡಿದಷ್ಟು ಸುಲಭ. ಸ್ವಂತ ಮಗಳ ಮದುವೆ ಬಂದಾಗ ಮಾತ್ರ ಆ ನೀರೇ ಗಂಟಲಲ್ಲಿ ಸಿಕ್ಕಿಕೊಂಡಿತು.

"ಅಪ್ಪಾ, ನಾಳೆ ಪ್ರಸಂಗದಲ್ಲಿ ಹೆಂಡ್ತಿ ಅಂದ್ರೆ ಗಂಡನ ಸಹಾಯಕಿ ಅಂತ ಶುರು ಮಾಡಿದ್ರೋ, ಒಪ್ಪಿಗೆ ಇದೆಯಾ ಅಂತ ಕೇಳ್ದಾಗ ಇಲ್ಲ ಅಂದ್ಬಿಡ್ತೀನಿ," ಎಂದಳು ಮಗಳು. ಅಂದರೆ ಅಂದಂತೆ ಮಾಡುವವಳೇ. ಹಟದಲ್ಲಿ ಅಪ್ಪನ ಪಡಿಯಚ್ಚು.

"ಬೈಬಲ್‌ನಲ್ಲಿ ಇರೋದನ್ನ ತಿದ್ದೋಕೆ ನಾನ್ಯಾರಮ್ಮಾ? ಮೊದಲ ಗಂಡಸಿಗೆ ದೇವರು ಕೊಟ್ಟಿದ್ದೇ ಸಹಾಯಕಿನ. ಲೇ, ಒಂದು ಲೋಟ ಕಾಫಿ ಕೊಡೇ."

ಹೆಂಡತಿ ನೆಲ ಗುಡಿಸುತ್ತಿದ್ದರು. ಗಂಡ ಹೆಂಡತಿ ಇಬ್ಬರೂ ಒಂದೇ ತರಗತಿಯಲ್ಲಿ ಬೈಬಲ್‌ನ ಮೂಲಭಾಷೆ ಹೀಬ್ರೂ ಕಲಿತವರು. ಅವರು ಪೀಠ ಹತ್ತಿದರು, ಇವರು ಪೊರಕೆ ಹಿಡಿದರು.

"ರೀ, ಆ ಸಹಾಯಕಿಗೆ ಹೀಬ್ರೂ ಮೂಲದಲ್ಲಿ ಯಾವ ಪದ ಇದೆ?"

"ಏಜೆರ್."

"ದೇವರು ನಮ್ಮ ಸಹಾಯಕ ಅಂತ ಕೀರ್ತನೆ ಓದ್ತೀರಲ್ಲ, ಅಲ್ಲಿ?"

ಪಾದ್ರಿಗಳು ಕನ್ನಡಕ ಒರೆಸಿದರು. "ಅದೂ... ಅದೇ."

"ಸಹಾಯಕ ಅಂದ್ರೆ ದೇವರು, ಮೊಣಕಾಲೂರ್ತೀರಿ. ಆ ಕಕ್ಕೊಂದು ಗುಡಿಸು ಕೊಟ್ರೆ ಹೆಂಡ್ತಿ, ಕಾಫಿ ಕೇಳ್ತೀರಿ. ಆ ಗುಡಿಸು ಮೂಲದಲ್ಲಿಲ್ಲ ರೀ." ಪೊರಕೆ ಎತ್ತಿ ತೋರಿಸಿದರು. "ಕೊಟ್ಟೋರು ನೀವು, ಗುಡಿಸ್ತಿರೋಳು ನಾನು. ಅರ್ಥ ಹೇಳೋದು ಒಬ್ಬರು, ಅದರ ಕೆಳಗೆ ಬದುಕೋದು ಇನ್ನೊಬ್ಬರು."

ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಪಾದ್ರಿಗಳಿಗೆ ಮುಖ ಎಲ್ಲಿಡುವುದೆಂದು ತಿಳಿಯಲಿಲ್ಲ. ನಿಜವಾಗಿಯೂ ನಾಚಿಕೆಯಾಗಿತ್ತು, ಆದರೆ ಒಪ್ಪಿಕೊಳ್ಳಲು ಬಾಯಿ ಬರಬೇಕಲ್ಲ!

ಮರುದಿನ ಚರ್ಚ್ ತುಂಬಿತ್ತು. ಮದುಮಗ ಬೆವರು ಒರೆಸಿಕೊಳ್ಳುತ್ತಿದ್ದ, ಪಾಪ, ಅವನಿಗೇನೂ ಗೊತ್ತಿಲ್ಲ. ಮದುಮಗಳು ಮೈಯೆಲ್ಲ ಕಿವಿಯಾಗಿ ನಿಂತಿದ್ದಳು.

"ದೇವರು ಗಂಡಸಿಗೆ ಜೊತೆಯಾಗಿ ಕೊಟ್ಟಿದ್ದು ಒಬ್ಬ ಸಹಾಯ..." ಎಂದು ಪಾದ್ರಿಗಳು ನಿಲ್ಲಿಸಿದರು. ಮಗಳ ಹುಬ್ಬು ಮೇಲೇರಿತು. "...ಕ."

ಮುಂದಿನ ಬೆಂಚಿನ ಹಿರಿಯರೊಬ್ಬರು, ಪಾದ್ರಿಗಳು ತೊದಲಿದರೆಂದುಕೊಂಡು, "ಕಿ, ಅಯ್ಯನವರೇ, ಕಿ!" ಎಂದು ಎತ್ತಿಕೊಟ್ಟರು.

"ಕಿ ಅಲ್ಲ, ಕ. ಮೂಲದಲ್ಲಿ ದೇವರಿಗೆ ಬಳಸಿರೋ ಪದಾನೇ ಹೆಂಡ್ತಿಗೂ ಬಳಸಿರೋದು. ಗುಡಿಸು ನಾವು ಸೇರಿಸಿದ್ದು. ನಾನೂ ಸೇರಿಸ್ತಾ ಬಂದೆ."

"ಒಪ್ಪಿಗೆ ಇದೆ!" ಎಂದಳು ಮಗಳು, ಇನ್ನೂ ಯಾರೂ ಕೇಳುವ ಮೊದಲೇ. ಇಡೀ ಚರ್ಚ್ ಗೊಳ್ಳೆಂದಿತು.

ಎಲ್ಲರೂ ಹೋದ ಮೇಲೆ ನೆಲದ ತುಂಬ ಹೂವಿನ ಎಸಳು. ಹೆಂಡತಿಯ ಕೈ ಅಭ್ಯಾಸಬಲದಿಂದ ಪೊರಕೆಯತ್ತ ಹೋಯಿತು. ಪಾದ್ರಿಗಳು ಅದನ್ನು ಕಸಿದುಕೊಂಡು, ನಿಲುವಂಗಿ ಎತ್ತಿ ಕಟ್ಟಿ ಗುಡಿಸತೊಡಗಿದರು.

ಹೆಂಡತಿ ಮುಂದಿನ ಬೆಂಚಿನಲ್ಲಿ ಕಾಲು ಚಾಚಿ ಕೂತರು. ಕಣ್ಣು ತುಂಬಿ ಬಂದದ್ದನ್ನು ಸೆರಗಿನಲ್ಲಿ ಒರೆಸಿಕೊಂಡು ಹೇಳಿದರು:

"ಬೆಂಚಿನಡಿ ಬಿಟ್ರಲ್ಲ, ಸಹಾಯಕರೇ."