ಬಾಟಲಿಯಲ್ಲಿ ಉಳಿದವಳು

ಮೂರನೇ ಸಲ ನೋಡಿದರೂ ಅದೇ. ಸೂಕ್ಷ್ಮದರ್ಶಕದ ಕೆಳಗೆ ಹರಡಿಕೊಂಡಿದ್ದ ವರ್ಣತಂತುಗಳು ಮನುಷ್ಯರವಲ್ಲ, ಕೋಳಿಯವು. ಡಾಕ್ಟರು ಅದರಿಂದ ಕಣ್ಣು ತೆಗೆದು ಗೋಡೆ ನೋಡುತ್ತ ಕುಳಿತರು.

ಆರು ವರ್ಷಕ್ಕೇ ತೀರಿಹೋದ ಮಗಳ ಚರ್ಮದ ಕಡಲೆಕಾಳಿನಷ್ಟು ಚೂರನ್ನು ಅವರು ಹನ್ನೊಂದು ವರ್ಷದಿಂದ ಬಾಟಲಿಯಲ್ಲಿ ಬೆಳೆಸುತ್ತಿದ್ದರು. ಮೊದಮೊದಲು ಊರೆಲ್ಲ ನಕ್ಕು 'ಬಾಟ್ಲಿ ಡಾಕ್ಟ್ರು' ಎಂದು ಹೆಸರಿಟ್ಟಿತು. ಆಮೇಲೆ ನಕ್ಕವರೇ ಬಂದು ಕೈಕಟ್ಟಿ ನಿಂತು ಕಲಿತು ಹೋದರು. ಆ ಕಾಲದಲ್ಲಿ ದೇಹದಾಚೆ ಮನುಷ್ಯನ ಜೀವಕೋಶಗಳನ್ನು ಅಷ್ಟು ವರ್ಷ ಉಳಿಸಿದವರು ಬೇರೆ ಯಾರಿದ್ದರು?

ಆ ಕೋಶಗಳ ಊಟವೆಂದರೆ ಮೊಟ್ಟೆಯೊಳಗಿನ ಎಳೆ ಮರಿಯನ್ನು ಅರೆದು ತೆಗೆದ ರಸ. ಬಟ್ಟೆಯಲ್ಲಿ ಸೋಸಿದರೆ ಸಾಕು, ಇನ್ನೂ ನಯವಾಗಿ ಸೋಸಿದರೆ ಸತ್ವ ಹೋಗುತ್ತದೆ ಎಂದು ನಿಯಮ ಮಾಡಿದವರು ಅವರೇ. ಸಹಾಯಕಿ ಒಮ್ಮೆ ಅನುಮಾನಪಟ್ಟಾಗ ಗದರಿದ್ದರು ಕೂಡ. ಪ್ರತಿ ಊಟದಲ್ಲೂ ಬಟ್ಟೆಯಿಂದ ನುಸುಳಿ ಬಂದ ಕೋಳಿಯ ಜೀವಂತ ಕೋಶಗಳು ಬಾಟಲಿಯಲ್ಲಿ ಬಿಡಾರ ಹೂಡಿದ್ದವು. ಮಗಳವು ಯಾವಾಗಲೋ ಸತ್ತಿದ್ದವು. ಹನ್ನೊಂದು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಅಯ್ಯೋ, ಅಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದರು. ಇವತ್ತು ಭಾನುವಾರ, ಹೆಂಡತಿ ಬಾಟಲಿ ನೋಡಲು ಬರುವ ದಿನ.

ಆಕೆ ಬಂದವಳೇ ಕೈ ತೊಳೆದುಕೊಂಡಳು. "ಹೇಗಿದಾಳ್ರೀ?"

"ಕೂತ್ಕೋ ಸ್ವಲ್ಪ."

"ಕೂರೋದಿರ್ಲಿ, ತೋರ್ಸಿ ಮೊದ್ಲು. ಯಾಕೆ, ಹರಳೆಣ್ಣೆ ಕುಡಿದೋರ ಥರ ಮುಖ ಮಾಡ್ಕೊಂಡಿದೀರ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಹನ್ನೊಂದು ವರ್ಷ ಆಕೆ ಪ್ರತಿ ಭಾನುವಾರ ಆ ಗಾಜಿನೊಡನೆ ಮಾತಾಡಿದ್ದಳು, ಇನ್ನೊಂದಷ್ಟು ವರ್ಷ ಆಡಿದರೇನಂತೆ? ಆದರೂ ಹೇಳಿಬಿಟ್ಟರು, ಒಂದನ್ನೂ ಮುಚ್ಚಿಡದೆ.

ಆಕೆ ಪೂರ್ತಿ ಕೇಳಿಸಿಕೊಂಡಳು. "ಯಾವಾಗ ಹೋದ್ಳು?"

"ಗೊತ್ತಿಲ್ಲ ಕಣೇ. ಮೊದಲ್ನೇ ತಿಂಗಳೇ ಇರ್ಬಹುದು."

"ಮಣ್ಣು ಮಾಡಿ ಬಂದ ದಿನ ನಾನು ಅಳೋಕೆ ಹೋದ್ರೆ ತಡೆದ್ರಲ್ಲ ನೀವು. ಪೂರ್ತಿ ಹೋಗಿಲ್ಲ, ಅವಳದ್ದೊಂದು ಚೂರು ಬದುಕಿದೆ ಅಂದ್ರಲ್ಲ. ನಂಬ್ಕೊಂಡು ನುಂಗ್ಬಿಟ್ಟೆ. ಈಗ ಎಲ್ಲಿಂದ ತರ್ಲಿ ಆ ಅಳುನ?"

ಡಾಕ್ಟರು ಕೈ ಹಿಡಿಯಲು ಹೋದರು. ಆಕೆ ಕೊಡಲಿಲ್ಲ.

ಬಾಗಿಲಲ್ಲಿ ಸಹಾಯಕಿ ರಸ ಹಿಡಿದು ನಿಂತಿದ್ದಳು. "ಸಾರ್, ಊಟ ಹಾಕೋ ಹೊತ್ತಾಯ್ತು. ಏನ್ಮಾಡ್ಲಿ?"



"ಹಾಕಮ್ಮ," ಎಂದಳು ಹೆಂಡತಿ. "ಪಾಪ, ಅವೇನು ಮಾಡಿದ್ವು?"

ಸಹಾಯಕಿ ಬಿರಡೆ ತೆಗೆದು ಹನಿಹನಿಯಾಗಿ ಬಿಟ್ಟಳು. ಹೆಂಡತಿ ಕೊನೆಯ ಹನಿಯವರೆಗೂ ನೋಡುತ್ತ ನಿಂತಳು. ಕಣ್ಣು ಒಣಗಿಯೇ ಇತ್ತು.