ಹುಷಾರು ಅಂದರು, ಹುಷಾರಿಲ್ವಾ ಅನ್ನಲಿಲ್ಲ

ಟೈಲರಕ್ಕನ ತಮ್ಮ ಬೆಳಿಗ್ಗೆಯಿಂದ ಒಳಕೋಣೆಯ ಅಗಣಿ ಹಾಕಿಕೊಂಡು ಕೂತಿದ್ದ. "ನಂಗೆ ಬದುಕೋದೇ ಬೇಡ ಅಕ್ಕಾ" ಎಂದದ್ದಷ್ಟೇ. ಅರ್ಧ ಹೊಲಿದ ಅಂಗಿ ಮೆಷಿನ್ನಿನ ಸೂಜಿಯಡಿಯಲ್ಲೇ ಇತ್ತು. ಅಂಗಡಿಯ ಮುಂದೆ ಜನ ಸೇರಿದ್ದರು.

"ಹುಷಾರಮ್ಮಾ, ಮೈಮೇಲೆ ಬಿದ್ದಾನು! ಬಾಗಿಲು ಒಡೆದು ಕೈಕಾಲು ಕಟ್ಟೋಣ" ಎಂದ ಪಕ್ಕದ ಇಸ್ತ್ರಿಯವನು.

ಅಕ್ಕ ಅಷ್ಟರಲ್ಲಿ ಸಹಾಯವಾಣಿಗೆ ಫೋನ್ ಮಾಡಿದ್ದಳು. ಆಸ್ಪತ್ರೆಯ ತುರ್ತು ತಂಡದಿಂದ ನರ್ಸಮ್ಮ ಬಂದರು. ಜೊತೆಗೆ ಚಪ್ಪಲಿ ಸವೆದ ಒಬ್ಬ ನಡುವಯಸ್ಸಿನವ.

"ಇವರು ಡಾಕ್ಟರಾ?"

"ಅಲ್ಲಮ್ಮ, ನಮ್ಮ ತಂಡದ ಒಡನಾಡಿ. ಇಂಥದ್ದನ್ನೇ ದಾಟಿ ಬಂದವರು. ತರಬೇತಿನೂ ಆಗಿದೆ."

ಅಕ್ಕನಿಗೆ ಮೈಯೆಲ್ಲ ಉರಿಯಿತು. "ನಮ್ಮನೇಲಿ ಒಬ್ಬ ಸಾಲದು ಅಂತ ಇನ್ನೊಬ್ಬನ್ನ ಕರ್ಕೊಂಡು ಬಂದ್ರಾ?"

"ಒಬ್ಬನೇ ಇದ್ರೆ ಬೇಜಾರು ನೋಡಿ" ಎಂದು ನಕ್ಕ ಒಡನಾಡಿ, ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ.

"ಹುಷಾರಿಲ್ವಾ, ತಮ್ಮಾ?"

ಬಾಗಿಲಿಗೆ ತಲೆ ಆನಿಸಿ ಒಡನಾಡಿಯೇ ಮುಂದುವರಿಸಿದ.

"ಬಸ್ ಓಡಿಸ್ತಿದ್ದೋನು ನಾನು. ನಾನೂ ಹಿಂಗೇ ಅಗಣಿ ಹಾಕ್ಕೊಂಡಿದ್ದೆ. ಹೊರಗಡೆ ಎಲ್ರೂ ಹುಷಾರು, ಹುಷಾರು ಅಂತಿದ್ರು, ಒಳಗೆ ಹಾವು ಸೇರ್ಕೊಂಡಿದೆ ಅನ್ನೋ ಹಂಗೆ. ಹುಷಾರಿಲ್ವಾ ಅಂತ ಒಬ್ರೂ ಕೇಳ್ಲಿಲ್ಲ."

ಒಳಗಿನಿಂದ ದನಿ ಬಂತು. "ಆಮೇಲೆ... ಸರಿಹೋಯ್ತಾ?"

"ಪೂರ್ತಿ ಅಂತ ಸುಳ್ಳು ಹೇಳಲ್ಲ. ಮಾತ್ರೆ ನುಂಗ್ತೀನಿ. ಕೆಲವು ದಿನ ಹಾಸಿಗೆ ಬಿಟ್ಟು ಏಳೋಕೇ ಆಗಲ್ಲ. ಆದ್ರೆ ಬದುಕಿದ್ದೀನಿ, ಟೀ ಬೇಕು ಅನ್ಸುತ್ತೆ. ನಿಮ್ಮಕ್ಕ ಕೊಡೋ ಹಂಗೆ ಕಾಣ್ತಿಲ್ಲ. ನೀನೇ ಬಂದು ಶಿಫಾರಸು ಮಾಡು."

ಅಗಣಿ ಸರಿಯಿತು.

ನರ್ಸಮ್ಮ ತಮ್ಮನ ನಾಡಿ ನೋಡಿದರು, ಡಾಕ್ಟರಿಗೆ ಫೋನ್ ಮಾಡಿದರು. ಅಕ್ಕ ತಮ್ಮನಿಗೂ ಒಡನಾಡಿಗೂ ಟೀ ಕೊಟ್ಟಳು, ಒಡನಾಡಿಯ ಮುಖ ನೋಡದೆ. ತುರ್ತು ತಂಡದ ವ್ಯಾನಿನಲ್ಲಿ ಆಸ್ಪತ್ರೆಗೆ ಹೊರಟಾಗ ಒಡನಾಡಿಯೂ ತಮ್ಮನ ಪಕ್ಕವೇ ಕೂತ. "ನಾಳೆನೂ ಬರ್ತೀರಲ್ವಾ ಅಣ್ಣಾ?" ಎಂದು ಅಕ್ಕ ಕೇಳಿದಳು. ಅವನು ಹೂಂ ಎಂದು ತಲೆಯಾಡಿಸಿದ.

ಇಸ್ತ್ರಿಯವನು ದೂರ ಸರಿದು ನಿಂತು ಮತ್ತೆ ಶುರು ಮಾಡಿದ: "ಹುಷಾರಮ್ಮಾ..."

"ಆ ಮಾತು ನಂಗೆ ಬೇಡ. ಹುಷಾರಿಲ್ವಾ ಅಂತ ಅವನನ್ನ ಕೇಳಿ" ಎಂದಳು ಅಕ್ಕ.

ಇದನ್ನು ಓದುತ್ತಿರುವವರೇ, ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಯಾರಾದರೂ ಸಾಯುವ ಮಾತಾಡಿದರೆ ಒಂಟಿಯಾಗಿ ಬಿಡಬೇಡಿ, ಕಟ್ಟಿಹಾಕಲೂಬೇಡಿ. ಕೂಡಲೇ ಸಹಾಯವಾಣಿಗೆ, ಆಸ್ಪತ್ರೆಗೆ ತಿಳಿಸಿ. ನಿಮ್ಮ ಆಸ್ಪತ್ರೆಯ ತುರ್ತು ತಂಡದಲ್ಲಿ ಒಡನಾಡಿ ಇದ್ದಾರಾ ಎಂದು ಕೇಳಿ. ಇಲ್ಲವೆಂದರೆ ಯಾಕಿಲ್ಲ ಎಂದು ಕೇಳಿ. ನರ್ಸಮ್ಮನ ಪಕ್ಕದಲ್ಲಿ ಅವರಿಗೂ ಒಂದು ಕುರ್ಚಿ ಬೇಕು, ತಿಂಗಳ ಸಂಬಳ ಬೇಕು. ಉತ್ತರ ಸಿಗುವ ತನಕ ಅಲ್ಲಿಂದ ಕದಲಬೇಡಿ.