ಹೆಣ ಹೋದ ದಾರಿ

ಭಾನುವಾರ ದೇವರದು. ಅಂದು ನಾವು ಚರ್ಚಿಗಲ್ಲದೆ ಬೇರೆಲ್ಲಿಗೂ ಹೆಜ್ಜೆ ಇಡುತ್ತಿರಲಿಲ್ಲ. ಆದರೆ ನಲವತ್ತು ವರ್ಷ ಶನಿವಾರ ಮಾತ್ರ ನಮ್ಮದಾಗಿತ್ತು. ಬೆಳಗಾದರೆ ನನ್ನ ಹೆಂಡತಿ ಎಫಿ ಓಟ್ಸ್ ರೊಟ್ಟಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದಳು. ವಾರವೆಲ್ಲ ಅಂಚೆ ಹಂಚಿ ಸವೆದ ಕಾಲುಗಳು ನನ್ನವು. ಅವಳಿಗೆ ಕರುಣೆ ಇರಲಿಲ್ಲ.

ಹೆಚ್ಚಾಗಿ ಹೋಗುತ್ತಿದ್ದುದು ಗುಡ್ಡ ದಾಟಿ ಆಚೆಯ ಕೊಲ್ಲಿಗೆ, ಹಳೆಯ ಸ್ಮಶಾನದವರೆಗೆ. ಒಮ್ಮೆ ಜೌಗಿನಲ್ಲಿ ತೊಡೆಯವರೆಗೆ ಹೂತುಹೋದೆ. ಅವಳು ಮೊದಲು ಕೂತು ನಕ್ಕಳು, ಆಮೇಲೆ ಕೈ ಕೊಟ್ಟಳು. ಇನ್ನೊಮ್ಮೆ ಸಮುದ್ರದ ಭರತ ಏರಿ, ಇಬ್ಬರೂ ಒಂದು ಬಂಡೆಯ ಮೇಲೆ ಆರು ಗಂಟೆ ಸಿಕ್ಕಿಬಿದ್ದೆವು. ನನಗೆ ಬಾಯಿಗೆ ಬಾರದ ಕೀರ್ತನೆಗಳನ್ನೆಲ್ಲ ಅವಳು ಅಂದು ಕಲಿಸಿದಳು.

ಆಮೇಲೆ ಆ ಗುಡ್ಡವನ್ನು ಲಂಡನ್ನಿನವನೊಬ್ಬ ಕೊಂಡ. ಎರಡು ಕಲ್ಲುಗೋಡೆಗಳ ನಡುವೆ ದಾರಿ ಹಾಯುವಲ್ಲಿ ಕಬ್ಬಿಣದ ಗೇಟು ನಿಲ್ಲಿಸಿ ಬೀಗ ಜಡಿಸಿದ. ಎಫಿ ಎಪ್ಪತ್ತಮೂರರ ವಯಸ್ಸಿನಲ್ಲಿ ಪ್ರತಿ ಶನಿವಾರ ಆ ಗೇಟು ಹತ್ತಿ ಇಳಿದಳು. ಗುಡ್ಡ ಕಾಯುವ ರೂರಿ ದೂರದಿಂದ ದುರ್ಬೀನಿನಲ್ಲಿ ನಮ್ಮನ್ನು ಕಂಡರೆ, ಅದನ್ನು ಸಮುದ್ರದ ಕಡೆಗೆ ತಿರುಗಿಸಿಬಿಡುತ್ತಿದ್ದ. ಎಳೆಯವನಾಗಿದ್ದಾಗ ಅವನಿಗೆ ಬೈಬಲ್ ಪಾಠ ಹೇಳಿದವಳು ಅವಳೇ.

ಕಳೆದ ಚಳಿಗಾಲ ಅವಳು ಹಾಸಿಗೆ ಹಿಡಿದಳು. ಹೆಣ ಹೊತ್ತು ಹೋದ ದಾರಿಯನ್ನು ಯಾವ ಒಡೆಯನೂ ಮುಚ್ಚಲಾರ ಎಂದು ನಮ್ಮಲ್ಲಿ ಹಿರಿಯರ ಮಾತು.

“ನನ್ನನ್ನ ಆ ದಾರೀಲೇ ಹೊತ್ಕೊಂಡು ಹೋಗು, ಮುದುಕಾ,” ಎಂದಳು. “ವ್ಯಾನಿಗೆ ಹಾಕಿದ್ರೆ ಎದ್ದು ಬರ್ತೀನಿ.”

ಪಟ್ಟಣದ ವಕೀಲರನ್ನು ಕೇಳಿದೆ. ಅಂಥ ಕಾನೂನು ಎಂದೂ ಇರಲಿಲ್ಲ, ಅದು ಅಜ್ಜಿಯರ ನಂಬಿಕೆ ಎಂದರು. ಜನ ಯಾರ ಅಪ್ಪಣೆಯನ್ನೂ ಕೇಳದೆ, ತಮ್ಮ ಹಕ್ಕೆಂದು ಬಹಳ ವರ್ಷ ನಡೆದಿದ್ದಾರೆಯೇ ಎಂಬುದನ್ನಷ್ಟೇ ನ್ಯಾಯಾಲಯ ನೋಡುತ್ತದಂತೆ. ಬಂದು ಎಫಿಗೆ ಹೇಳಿದೆ.

“ಹಾಗಾದ್ರೆ ಅಪ್ಪಣೆ ಕೇಳ್ಬೇಡ,” ಎಂದಳು.

ಮಾರ್ಚಿನಲ್ಲಿ ದೇವರು ಅವಳನ್ನು ಕರೆದುಕೊಂಡ. ಶನಿವಾರವೇ ಮಣ್ಣು ಮಾಡುವುದೆಂದು ನಿಶ್ಚಯಿಸಿದೆ. ಊರಿನ ಗಂಡಸರು, ನಮ್ಮ ಪದ್ಧತಿಯಂತೆ, ಸರದಿಯ ಮೇಲೆ ಹೆಗಲು ಕೊಟ್ಟರು. ಗೇಟಿನ ಬಳಿಗೆ ಬಂದಾಗ ರೂರಿ ಆಚೆ ಕಡೆ ಟೋಪಿ ತೆಗೆದು ನಿಂತಿದ್ದ. ಬೀಗದ ಕೈ ಅವನ ಅಂಗೈಯಲ್ಲಿತ್ತು.

“ಧಣಿಗಳು ಫೋನ್ ಮಾಡಿದ್ರು, ಫರ್ಕರ್ ಅವರೇ,” ಎಂದ. “ತುಂಬಾ ಬೇಜಾರಾಯ್ತಂತೆ. ಇವತ್ತೊಂದಿನ ತೆಗೆಯೋಕೆ ಅಪ್ಪಣೆ ಕೊಟ್ಟಿದ್ದಾರೆ.”

“ತೆಗೀಬೇಡ.”

ಅವನು ಕೇಳಿಸಲಿಲ್ಲವೆಂಬಂತೆ ನನ್ನ ಮುಖ ನೋಡಿದ. ಪಾದ್ರಿಗಳು ನನ್ನ ಕಿವಿಯ ಹತ್ತಿರ ಬಂದು, ಶೋಕದ ದಿನ ಹಟ ಸಲ್ಲದು, ಒಳ್ಳೆಯ ಮನಸ್ಸಿನಿಂದ ಕೊಟ್ಟದ್ದನ್ನು ತೆಗೆದುಕೊಳ್ಳಬೇಕು ಎಂದರು. ಮೂವತ್ತು ವರ್ಷ ನಾನು ಚರ್ಚಿನ ಸಭೆಯ ಹಿರಿಯನಾಗಿದ್ದೇನೆ, ಪಾದ್ರಿಗೆ ಎದುರಾಡಿದವನಲ್ಲ.

“ದೇವರು ಅವಳನ್ನ ಕರ್ಕೊಂಡ, ತಲೆ ಬಾಗಿಸ್ದೆ,” ಎಂದೆ. “ಈ ಗೇಟಿಗೆ ಬಾಗಿಸೋದಿಲ್ಲ. ಇವತ್ತು ಆ ಮನುಷ್ಯನ ಅಪ್ಪಣೆ ತಗೊಂಡ್ರೆ, ನಲವತ್ತು ವರ್ಷ ನಾವು ನಡೆದಿದ್ದು ಕಳ್ಳತನ ಆಗತ್ತೆ. ಎಫಿ ಕಳ್ಳಿ ಅಲ್ಲ.”

ಹಿಂದಿನಿಂದ ಯಾರೋ, ಎತ್ರೋ, ಎಂದರು. ಇಬ್ಬರು ಗೇಟು ಹತ್ತಿ ಆಚೆ ಇಳಿದರು. ಉಳಿದವರು ಪೆಟ್ಟಿಗೆಯನ್ನು ತಲೆಯ ಮೇಲೆ ಎತ್ತಿ ಕಬ್ಬಿಣದ ಪಟ್ಟಿಯ ಮೇಲೆ ಸರಿಸಿದರು. ಭಾರವೆಲ್ಲ ಮುಂದಕ್ಕೆ ಬಂತು. ಆಚೆಯ ಇಬ್ಬರಿಂದ ಆಗಲಿಲ್ಲ, ಪೆಟ್ಟಿಗೆ ಒಂದು ಪಕ್ಕಕ್ಕೆ ವಾಲಿತು.

ರೂರಿ ಬೀಗದ ಕೈಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಎರಡೂ ತೋಳು ಒಡ್ಡಿದ.

ನಾನೂ ಗೇಟು ಹತ್ತಿ ಇಳಿದ ಮೇಲೆ, ಪೆಟ್ಟಿಗೆಗೆ ಹೆಗಲು ಕೊಟ್ಟಿದ್ದ ಅವನ ಹತ್ತಿರ ಹೋಗಿ, ನಿನ್ನ ಕೆಲಸ ಹೋದೀತು ಕಣೋ, ಬಿಡು, ಎಂದೆ. ಬಾಯಲ್ಲಿ ಬೀಗದ ಕೈ ಇದ್ದುದರಿಂದ ಉತ್ತರ ಬರಲಿಲ್ಲ. ಸ್ಮಶಾನಕ್ಕೆ ಇನ್ನೂ ಮೂರು ಮೈಲಿ ಇತ್ತು. ಸರದಿ ಬದಲಾದಾಗಲೆಲ್ಲ ಒಬ್ಬೊಬ್ಬರು ಬಂದು, ಇನ್ನು ನನಗೆ ಬಿಡು ಎಂದು ಅವನ ಭುಜ ತಟ್ಟಿದರು. ಅವನು ಹೆಗಲು ಬಿಡಲಿಲ್ಲ.